ನೀರು ಹಸಿರು, ಫಾಸ್ಫೇಟ್ ಸೊನ್ನೆ: ಜೌಗುನೀರಿನ ಪೋಷಕಾಂಶಗಳನ್ನೂ ಸಸ್ಯಪ್ಲವಕಗಳನ್ನೂ ಜೊತೆಗಿಟ್ಟು ಓದುವ ಕ್ರಮ

ನೀರಿನ ಪರೀಕ್ಷೆ ಮಾಡಿಸಿದವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. ನೀರು ಕಡುಹಸಿರಾಗಿದೆ, ವರದಿಯಲ್ಲಿ ಮಾತ್ರ ಫಾಸ್ಫೇಟ್ ಇಲ್ಲವೇ ಇಲ್ಲ ಎಂದಿದೆ, ಪರೀಕ್ಷೆ ತಪ್ಪಾಯಿತೇ? ಬಹಳ ಸಲ ಪರೀಕ್ಷೆ ಸರಿಯಾಗಿಯೇ ಆಗಿರುತ್ತದೆ. ನೀರಿನಲ್ಲಿ ಕರಗಿರುವ ಫಾಸ್ಫೇಟ್ ಎಂದರೆ ಪಾಚಿ ಉಂಡು ಉಳಿಸಿದ್ದು. ಉಂಡದ್ದು ಅದರ ಜೀವಕೋಶದೊಳಗೆ ಸೇರಿಹೋಗಿದೆ. ಉಳಿಕೆಯನ್ನು ಅಳೆದು ಪೂರೈಕೆ ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಯೋಜನಾ ವರದಿ ಬರೆಯುವ ವಿದ್ಯಾರ್ಥಿಗಳಿಗೂ ಜೌಗು ಪ್ರದೇಶದ ಮೇಲೆ ಕಣ್ಣಿಟ್ಟಿರುವ ತಂಡಗಳಿಗೂ ಉಪಯೋಗವಾಗಲೆಂದು ಕೆಲಸದ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ಮೊದಲು ಎರಡು ಪದಗಳು. ಸಸ್ಯಪ್ಲವಕ ಅಥವಾ ಫೈಟೋಪ್ಲಾಂಕ್ಟನ್ ಎಂದರೆ ನೀರಿನಲ್ಲಿ ತೇಲಾಡುತ್ತ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಸೂಕ್ಷ್ಮಜೀವಿಗಳು: ಡಯಾಟಮ್, ಹಸಿರು ಪಾಚಿ, ಯೂಗ್ಲಿನಾದಂಥವು, ಜೊತೆಗೆ ನೀಲಿ-ಹಸಿರು ಪಾಚಿ ಎಂದು ಕರೆಯುವ ಸೈನೋಬ್ಯಾಕ್ಟೀರಿಯಾ. ಪೋಷಕಾಂಶ ಎಂದಾಗ ಇಲ್ಲಿ ಮುಖ್ಯವಾಗಿ ರಂಜಕ (ಫಾಸ್ಫರಸ್), ಸಾರಜನಕ (ನೈಟ್ರೋಜನ್) ಮತ್ತು ಸಿಲಿಕಾ.

ಇನ್ನೊಂದು ಮಾತು. ಜೌಗು ಎಂದರೆ ಚಿಕ್ಕ ಸರೋವರವಲ್ಲ. ಆಳ ಕಡಿಮೆ, ಜೊಂಡು ಮತ್ತು ನೀರಸಸ್ಯ ಹೆಚ್ಚು, ಹೂಳು ಕೈಗೆಟುಕುವಷ್ಟು ಹತ್ತಿರ. ಸಸ್ಯಗಳು ನೆರಳು ಮಾಡುತ್ತವೆ, ಪೋಷಕಾಂಶ ಹೀರುತ್ತವೆ, ಪಾಚಿ ಮೇಯುವ ಪ್ರಾಣಿಪ್ಲವಕಗಳಿಗೆ ಅಡಗುತಾಣವಾಗುತ್ತವೆ. ಆದ್ದರಿಂದ ಒಂದೇ ಮಟ್ಟದ ರಂಜಕವಿರುವ ಎರಡು ಜೌಗುಗಳಲ್ಲಿ ಒಂದು ತಿಳಿಯಾಗಿ, ಇನ್ನೊಂದು ಹಸಿರು ಬಣ್ಣ ಕಲಸಿದಂತೆ ಇರಬಹುದು. ಸರೋವರಗಳಿಗೆಂದು ಮಾಡಿದ ಸೂತ್ರಗಳನ್ನು ಇಲ್ಲಿಗೆ ತರುವಾಗ ಇದು ನೆನಪಿರಲಿ.

ಬೇಕಾಗುವ ಸಾಮಾನು

20 ಸೆಂ.ಮೀ. ಅಗಲದ ಕಪ್ಪು-ಬಿಳುಪು ಸೆಕಿ ತಟ್ಟೆ (ನೀರಿನ ಪಾರದರ್ಶಕತೆ ಅಳೆಯಲು), ಥರ್ಮಾಮೀಟರ್, ಪಿಎಚ್ ಮತ್ತು ಆಮ್ಲಜನಕದ ಮೀಟರ್, ಒಂದು ಮೀಟರ್ ಉದ್ದದ ಅಗಲ ಬಾಯಿಯ ಪ್ಲಾಸ್ಟಿಕ್ ಕೊಳವೆ, ಸಿರಿಂಜ್ ಮತ್ತು 0.45 ಮೈಕ್ರಾನ್ ಫಿಲ್ಟರ್‌ಗಳು, ಗಾಜುನಾರಿನ ಫಿಲ್ಟರ್, ಐಸ್ ಪೆಟ್ಟಿಗೆ, ಲುಗಾಲ್ ದ್ರಾವಣ (ಎಣಿಸುವವರೆಗೆ ಪಾಚಿ ಕೆಡದಂತೆ ಇಡುವ ಅಯೊಡಿನ್ ದ್ರಾವಣ), ಸೂಕ್ಷ್ಮದರ್ಶಕ, ಸೆಡ್ಜ್‌ವಿಕ್-ರಾಫ್ಟರ್ ಎಣಿಕೆ ಕೋಣೆ. ಸ್ಪೆಕ್ಟ್ರೋಫೋಟೋಮೀಟರ್ ಯಾವುದಾದರೂ ಪ್ರಯೋಗಾಲಯದಲ್ಲಿ ಸಿಕ್ಕರೆ ಸಾಕು.

ಲುಗಾಲ್ ದ್ರಾವಣವನ್ನು ನೀವೇ ಮಾಡಿಕೊಳ್ಳಬಹುದು. 200 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಮೊದಲು 20 ಗ್ರಾಂ ಪೊಟ್ಯಾಸಿಯಮ್ ಅಯೊಡೈಡ್ ಕರಗಿಸಿ, ಆಮೇಲೆ 10 ಗ್ರಾಂ ಅಯೊಡಿನ್ ಹರಳು, ಕೊನೆಗೆ 20 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ ಸೇರಿಸಿ. ಅನುಕ್ರಮ ಬದಲಿಸಬೇಡಿ, ಅಯೊಡೈಡ್ ಇಲ್ಲದೆ ಅಷ್ಟು ಅಯೊಡಿನ್ ಕರಗುವುದಿಲ್ಲ.

ಬಾಟಲಿಗಳನ್ನು 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ಸಲ ಜಾಲಿಸಿ. ಸಾಬೂನು ಪುಡಿ ಬೇಡ. ಕೆಲವು ಪುಡಿಗಳಲ್ಲೇ ಫಾಸ್ಫೇಟ್ ಇರುತ್ತದೆ, ನೀವು ಹುಡುಕುತ್ತಿರುವುದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ.

1. ಜಾಗ ಮತ್ತು ಹೊತ್ತು ಗೊತ್ತುಮಾಡಿ

ಕನಿಷ್ಠ ನಾಲ್ಕು ಜಾಗ: ಒಳಹರಿವು, ತೆರೆದ ನೀರಿನ ನಡುಭಾಗ, ಜೊಂಡಿನ ಅಂಚು, ಹೊರಹರಿವು. ಎರಡು ವಾರಕ್ಕೊಮ್ಮೆ, ಬೆಳಿಗ್ಗೆ 9ರಿಂದ 11ರ ನಡುವೆ. ಹೊತ್ತು ಬದಲಾದರೆ ಪಿಎಚ್ ಬದಲಾಗುತ್ತದೆ, ತೇಲುವ ಪಾಚಿ ಮೇಲೆ-ಕೆಳಗೆ ಸರಿಯುತ್ತದೆ. ಆಗ ಎರಡು ದಿನಗಳ ಅಂಕಿಗಳನ್ನು ಹೋಲಿಸುವಂತಿಲ್ಲ.

ದಡದಲ್ಲಿ ಗಾಳಿ ತಂದು ಗುಡ್ಡೆಹಾಕಿದ ಪಾಚಿಯ ಕೆನೆಯನ್ನು ಮೊಗೆದು ಅದೇ ಇಡೀ ಜೌಗಿನ ಮಾದರಿ ಎನ್ನಬೇಡಿ. ಕೆನೆಯ ಮಾದರಿ ಬೇಕಿದ್ದರೆ ಬೇರೆಯಾಗಿ ತೆಗೆದು, ಬಾಟಲಿಯ ಮೇಲೆ ಹಾಗೆಂದು ಬರೆಯಿರಿ. ನೀರಿಗಿಳಿದು ನಡೆದರೆ ಹೂಳು ಕದಡಿ ತಳದ ರಂಜಕವೂ ತಳದ ಡಯಾಟಮ್‌ಗಳೂ ಬಾಟಲಿ ಸೇರುತ್ತವೆ. ದೋಣಿಯಿಂದಲೋ ಕಾಲುಸಂಕದಿಂದಲೋ ಕೋಲಿಗೆ ಕಟ್ಟಿದ ಕೊಳವೆಯಿಂದಲೋ ತೆಗೆಯಿರಿ. ಕೊಳವೆಯನ್ನು ನೆಟ್ಟಗೆ ಇಳಿಸಿ, ತಳಕ್ಕೆ ಒಂದು ಗೇಣು ಇರುವಾಗಲೇ ನಿಲ್ಲಿಸಿ, ಮೇಲಿನ ಬಾಯಿ ಮುಚ್ಚಿ ಎತ್ತಿದರೆ ಮೇಲಿನಿಂದ ಕೆಳಗಿನವರೆಗಿನ ನೀರು ಒಟ್ಟಿಗೆ ಸಿಗುತ್ತದೆ.

ಕೆನೆಗಟ್ಟಿದ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಹಾಕಿ. ಕೆಲವು ಸೈನೋಬ್ಯಾಕ್ಟೀರಿಯಾ ವಿಷ ಉತ್ಪಾದಿಸುತ್ತವೆ. ಮೈಕ್ರೋಸಿಸ್ಟಿನ್-ಎಲ್ಆರ್ ಎಂಬ ವಿಷಕ್ಕೆ ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಾರ್ಗಸೂಚಿ ಮಟ್ಟ ಲೀಟರಿಗೆ 1 ಮೈಕ್ರೋಗ್ರಾಂ. ನೀರು ಕುದಿಸಿದರೆ ಇದು ಹೋಗುವುದಿಲ್ಲ. ಜೀವಕೋಶ ಒಡೆದು ವಿಷ ಇನ್ನಷ್ಟು ಹೊರಬರುತ್ತದೆ.

2. ನೀರನ್ನು ಅಲ್ಲೇ ಪಾಲು ಮಾಡಿ

ಹೆಚ್ಚಿನ ಅಂಕಿಗಳು ಕೆಡುವುದು ಪ್ರಯೋಗಾಲಯದಲ್ಲಲ್ಲ, ದಾರಿಯಲ್ಲಿ. ಬಾಟಲಿಯೊಳಗೂ ಪಾಚಿ ಉಣ್ಣುತ್ತಲೇ ಇರುತ್ತದೆ.

ಒಟ್ಟು ರಂಜಕ, ಒಟ್ಟು ಸಾರಜನಕಕ್ಕೆ 250 ಮಿ.ಲೀ. ಸೋಸದ ನೀರು, ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ, ತಣ್ಣಗಿಡಿ. ಹೀಗಿಟ್ಟರೆ 28 ದಿನ ತಡೆಯುತ್ತದೆ.

ಕರಗಿದ ಫಾಸ್ಫೇಟ್, ನೈಟ್ರೇಟ್, ಅಮೋನಿಯಾಕ್ಕೆ ಸುಮಾರು 100 ಮಿ.ಲೀ. ನೀರನ್ನು ಅಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಐಸ್‌ನಲ್ಲಿಡಿ, ಆದಷ್ಟು ಬೇಗ, 48 ಗಂಟೆಯೊಳಗೆ ಪರೀಕ್ಷಿಸಿ. ಸಿರಿಂಜ್ ಒತ್ತುವಾಗ ಮೆತ್ತಗೆ. ಜೋರಾಗಿ ಒತ್ತಿದರೆ ಜೀವಕೋಶ ಒಡೆದು ಒಳಗಿನ ಫಾಸ್ಫೇಟ್ ಸೋಸಿದ ನೀರಿಗೆ ಬರುತ್ತದೆ. ಸೋಸದೆ ಫ್ರೀಜರಿನಲ್ಲಿಟ್ಟರೂ ಇದೇ ಪಾಡು.

ಸಿಲಿಕಾಕ್ಕೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನಿಂದಲೇ ಸಿಲಿಕಾ ಕರಗಿ ಬರುತ್ತದೆ. ಇದನ್ನು ಹೆಪ್ಪುಗಟ್ಟಿಸಬೇಡಿ.

ಎಣಿಕೆಗೆ 500 ಮಿ.ಲೀ. ನೀರು, ಕಂದು ಗಾಜಿನ ಬಾಟಲಿಯಲ್ಲಿ. 100 ಮಿ.ಲೀ.ಗೆ ಅರ್ಧದಿಂದ ಒಂದು ಮಿ.ಲೀ. ಲುಗಾಲ್, ನೀರು ತೆಳು ಚಹಾದ ಬಣ್ಣಕ್ಕೆ ಬರುವವರೆಗೆ. ಪ್ಲಾಸ್ಟಿಕ್ ಬಾಟಲಿ ಅಯೊಡಿನ್ ಹೀರುವುದರಿಂದ ತಿಂಗಳುಗಟ್ಟಲೆ ಇಡುವವರಿಗೆ ಗಾಜೇ ಸರಿ. ಬಣ್ಣ ಮಾಸಿದಾಗ ಮತ್ತಷ್ಟು ಹನಿ ಹಾಕಿ.

ಕ್ಲೋರೋಫಿಲ್‌ಗೆ ಇನ್ನೊಂದು ಕಂದು ಬಾಟಲಿ, ಲುಗಾಲ್ ಹಾಕದೆ, ಐಸ್‌ನಲ್ಲಿ. ಕೊನೆಯದಾಗಿ 50 ಮಿ.ಲೀ. ಬರೀ ನೀರು, ಜೀವಂತವಾಗಿ ನೋಡಲು. ಲುಗಾಲ್ ಎಲ್ಲವನ್ನೂ ಕಂದು ಮಾಡಿಬಿಡುತ್ತದೆ, ಬಣ್ಣ ಮತ್ತು ಚಲನೆ ನೋಡಿ ಗುರುತಿಸಬೇಕಾದವನ್ನು ಅದೇ ದಿನ ನೋಡಿಬಿಡಬೇಕು.

3. ಒಟ್ಟು ಮತ್ತು ಕರಗಿದ್ದು, ಎರಡನ್ನೂ ಅಳೆಯಿರಿ

ಹಣವೋ ಸಮಯವೋ ಸಾಲದೆ ಒಂದನ್ನೇ ಅಳೆಯಬೇಕಾಗಿ ಬಂದರೆ ಒಟ್ಟು ರಂಜಕವನ್ನು ಆರಿಸಿ. ಅದರಲ್ಲಿ ಕರಗಿದ್ದು, ಪಾಚಿಯೊಳಗಿನದು, ತೇಲುವ ಮಣ್ಣಿಗಂಟಿದ್ದು ಎಲ್ಲ ಸೇರಿರುತ್ತದೆ. ನೀರನ್ನು ಪರ್ಸಲ್ಫೇಟ್ ಹಾಕಿ ಆಟೊಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ ಬೇಯಿಸಿದರೆ ಎಲ್ಲ ರಂಜಕವೂ ಫಾಸ್ಫೇಟ್ ರೂಪಕ್ಕೆ ಬರುತ್ತದೆ. ಆಮೇಲೆ ಮಾಲಿಬ್ಡಿನಮ್-ಆಸ್ಕಾರ್ಬಿಕ್ ಆಮ್ಲದ ನೀಲಿ ಬಣ್ಣದ ವಿಧಾನದಲ್ಲಿ 880 ನ್ಯಾನೋಮೀಟರಿನಲ್ಲಿ ಓದುವುದು. ಕರಗಿದ ಫಾಸ್ಫೇಟಿಗೂ ಇದೇ ನೀಲಿ ಬಣ್ಣ, ಬೇಯಿಸುವ ಕೆಲಸವಿಲ್ಲ ಅಷ್ಟೇ. ಪ್ರತಿ ಸರದಿಯಲ್ಲೂ ಬರೀ ಬಟ್ಟಿ ಇಳಿಸಿದ ನೀರಿನದೊಂದು ಬಾಟಲಿಯನ್ನು ಇದೇ ದಾರಿಯಲ್ಲಿ ಕಳಿಸಿ. ಅದರಲ್ಲೂ ನೀಲಿ ಬಂದರೆ ನಿಮ್ಮ ಬಾಟಲಿಯೋ ರಾಸಾಯನಿಕವೋ ಕೊಳಕಾಗಿದೆ.

ವರದಿ ಕೈಗೆ ಬಂದ ಕೂಡಲೇ ಏಕಮಾನ ನೋಡಿ. ಅತಿ ಹೆಚ್ಚು ಮಂದಿ ಎಡವುವುದು ಇಲ್ಲೇ. 'ನೈಟ್ರೇಟ್ 4.4 ಮಿ.ಗ್ರಾಂ' ಎಂದರೆ ಸಾರಜನಕ 4.4 ಅಲ್ಲ. ನೈಟ್ರೇಟನ್ನು 0.226ರಿಂದ ಗುಣಿಸಿ, ಸಾರಜನಕ ಸುಮಾರು 1 ಮಿ.ಗ್ರಾಂ ಬರುತ್ತದೆ. ಫಾಸ್ಫೇಟಿನಿಂದ ರಂಜಕಕ್ಕೆ 0.326, ಅಮೋನಿಯಂನಿಂದ ಸಾರಜನಕಕ್ಕೆ 0.776. ಕೆಲವು ವರದಿಗಳು ಮೊದಲೇ ಸಾರಜನಕವಾಗಿ ಕೊಟ್ಟಿರುತ್ತವೆ, ಅವನ್ನು ಮತ್ತೆ ಗುಣಿಸಬೇಡಿ.

'ಪತ್ತೆಮಿತಿಗಿಂತ ಕಡಿಮೆ' ಎಂದು ಬಂದಲ್ಲಿ ಸೊನ್ನೆ ಬರೆಯಬೇಡಿ. ಪತ್ತೆಮಿತಿ 0.005 ಮಿ.ಗ್ರಾಂ ಇದ್ದರೆ 0.005ಕ್ಕಿಂತ ಕಡಿಮೆ ಎಂದೇ ನಮೂದಿಸಿ. ಸೊನ್ನೆಯಿಂದ ಭಾಗಿಸಲು ಹೊರಟ ಅನುಪಾತಗಳ ಗತಿ ಗೊತ್ತೇ ಇದೆ.

4. ಕ್ಲೋರೋಫಿಲ್ ತೆಗೆಯಿರಿ

ಪಾಚಿ ಒಟ್ಟು ಎಷ್ಟಿದೆ ಎಂಬುದಕ್ಕೆ ಸುಲಭದ ಅಳತೆ ಇದು. ಅದೇ ದಿನ, ಮಂದ ಬೆಳಕಿನಲ್ಲಿ, ಗಾಜುನಾರಿನ ಫಿಲ್ಟರಿನ ಮೂಲಕ ಅಳೆದ ನೀರನ್ನು ಸೋಸಿ. ಫಿಲ್ಟರನ್ನು 10 ಮಿ.ಲೀ. 90% ಅಸಿಟೋನಿನಲ್ಲಿ ಅರೆದು ರಾತ್ರಿಯಿಡೀ ಫ್ರಿಜ್ಜಿನ ಕತ್ತಲೆಯಲ್ಲಿಡಿ. ಮಾರನೆಯ ದಿನ ಸೆಂಟ್ರಿಫ್ಯೂಜ್ ಮಾಡಿ 750, 664, 647, 630 ನ್ಯಾನೋಮೀಟರಿನಲ್ಲಿ ಓದಿ. ಉಳಿದ ಮೂರರಿಂದಲೂ 750ರ ಓದನ್ನು ಕಳೆಯಿರಿ. ಅದು ಬರೀ ಮಬ್ಬಿನ ಲೆಕ್ಕ.

ಕ್ಲೋರೋಫಿಲ್-ಎ = 11.85 × (664) − 1.54 × (647) − 0.08 × (630). ಬಂದದ್ದನ್ನು ಅಸಿಟೋನಿನ ಮಿ.ಲೀ.ಯಿಂದ ಗುಣಿಸಿ, ಸೋಸಿದ ನೀರಿನ ಲೀಟರು ಮತ್ತು ಗಾಜಿನ ಪಾತ್ರೆಯ ಅಗಲದ ಸೆಂ.ಮೀ.ಯಿಂದ ಭಾಗಿಸಿ.

ಒಂದು ಮಾದರಿ ಲೆಕ್ಕ ಹಿಡಿಯೋಣ, ಇದನ್ನೇ ಮುಂದಕ್ಕೂ ಬಳಸೋಣ. ಕಳೆದ ಮೇಲೆ ಓದುಗಳು 0.100, 0.030, 0.020, ಅಸಿಟೋನ್ 10 ಮಿ.ಲೀ., ಸೋಸಿದ ನೀರು ಕಾಲು ಲೀಟರು, ಪಾತ್ರೆ 1 ಸೆಂ.ಮೀ. ಸೂತ್ರದಿಂದ 1.137 ಬರುತ್ತದೆ, ಅಂತಿಮ ಉತ್ತರ ಲೀಟರಿಗೆ ಸುಮಾರು 45 ಮೈಕ್ರೋಗ್ರಾಂ. ಪಾಚಿಯಲ್ಲಿ ಕ್ಲೋರೋಫಿಲ್ ಮತ್ತು ರಂಜಕ ತೂಕದಲ್ಲಿ ಬಹಳ ಸ್ಥೂಲವಾಗಿ ಸರಿಸಮ. ಅಂದರೆ ಕರಗಿದ ಫಾಸ್ಫೇಟ್ 'ಇಲ್ಲ' ಎಂದ ಈ ನೀರಿನ ಪಾಚಿಯೊಳಗೇ 40-50 ಮೈಕ್ರೋಗ್ರಾಂ ರಂಜಕ ಕೂತಿದೆ.

ಜೌಗಿನಲ್ಲಿ ಕೊಳೆತ ಎಲೆಯ ಚೂರುಗಳೂ ಫಿಲ್ಟರಿಗೆ ಬರುತ್ತವೆ. ಹಾಳಾದ ಕ್ಲೋರೋಫಿಲ್, ಅಂದರೆ ಫಿಯೋಫೈಟಿನ್, ಮೇಲಿನ ಸೂತ್ರದಲ್ಲಿ ಪಾಚಿಯಾಗಿ ಎಣಿಕೆಯಾಗಿಬಿಡುತ್ತದೆ. ಜೊಂಡಿನ ಅಂಚಿನ ಮಾದರಿಗಳಿಗೆ ಆಮ್ಲ ಹಾಕುವ ಮುನ್ನ ಒಮ್ಮೆ, ಹಾಕಿದ ಮೇಲೆ ಒಮ್ಮೆ ಓದುವ ಲೊರೆಂಜೆನ್ ವಿಧಾನವೇ ಲೇಸು.

5. ಎಣಿಸಿ, ಆದರೆ ಗಾತ್ರವನ್ನೂ ಅಳೆಯಿರಿ

ಪ್ಲಾಂಕ್ಟನ್ ಬಲೆಯ ಮಾದರಿಯನ್ನು ಎಣಿಕೆಗೆ ಬಳಸಲೇಬೇಡಿ. 20 ಮೈಕ್ರಾನ್ ಕಣ್ಣಿನ ಬಲೆಯಲ್ಲೂ ಚಿಕ್ಕವು ನುಸುಳಿ ಹೋಗುತ್ತವೆ. ಎಷ್ಟೋ ಸಲ ಹೋದವುಗಳ ಸಂಖ್ಯೆಯೇ ಹೆಚ್ಚು. ಬಲೆ ಏನಿದ್ದರೂ ಜಾತಿಪಟ್ಟಿ ಮಾಡಲು.

ಲುಗಾಲ್ ಹಾಕಿದ 500 ಮಿ.ಲೀ. ನೀರನ್ನು ಅಲುಗಾಡದ ಕಡೆ ಇಟ್ಟು ತಳಗೊಳಿಸಿ. ನೀರಿನ ಎತ್ತರದ ಪ್ರತಿ ಸೆಂ.ಮೀ.ಗೆ 4 ಗಂಟೆ ಎಂದು ಲೆಕ್ಕ ಹಿಡಿಯಿರಿ. ಮೇಲಿನ ತಿಳಿಯನ್ನು ಸಣ್ಣ ಕೊಳವೆಯಿಂದ ನಿಧಾನಕ್ಕೆ ಹೀರಿ ತೆಗೆದು 25 ಮಿ.ಲೀ.ಗೆ ಇಳಿಸಿ. ಇದು 20 ಪಟ್ಟು ಸಾಂದ್ರವಾಯಿತು. ಮೈಕ್ರೋಸಿಸ್ಟಿಸ್‌ನಂಥವು ತಳಕ್ಕೆ ಬರುವ ಬದಲು ಮೇಲೆಯೇ ತೇಲುತ್ತಿದ್ದರೆ ಅವುಗಳೊಳಗಿನ ಗಾಳಿಗುಳ್ಳೆಗಳು ಒಡೆದಿಲ್ಲ ಎಂದರ್ಥ. ತಿಳಿ ಹೀರಿದರೆ ಅವೇ ಹೊರಟುಹೋಗುತ್ತವೆ, ಸೈನೋಬ್ಯಾಕ್ಟೀರಿಯಾ ಇಲ್ಲ ಎಂಬ ವರದಿ ತಯಾರಾಗುತ್ತದೆ! ಚಿಕ್ಕ ಸಿರಿಂಜಿನಲ್ಲಿ ಗಾಳಿಯಿಲ್ಲದಂತೆ ಮಾದರಿ ತುಂಬಿ, ಬಾಯಿ ಬಿಗಿಯಾಗಿ ಮುಚ್ಚಿ, ಹಿಡಿಯನ್ನು ಬಲವಾಗಿ ಒತ್ತಿ. ಗುಳ್ಳೆ ಒಡೆದರೆ ಹಾಲಿನಂಥ ಮಬ್ಬು ಕಳೆದು ನೀರಿನ ಬಣ್ಣ ಗಾಢವಾಗುತ್ತದೆ.

ಸೆಡ್ಜ್‌ವಿಕ್-ರಾಫ್ಟರ್ ಕೋಣೆಯಲ್ಲಿ 1 ಮಿ.ಲೀ. ನೀರು ಹಿಡಿಯುತ್ತದೆ, ಅದರಲ್ಲಿ 1000 ಚೌಕಗಳು. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಬೆರೆಸಿ, ತುಂಬಿಸಿ, 15 ನಿಮಿಷ ಬಿಡಿ. 50 ಚೌಕಗಳಲ್ಲಿ 120 ಸಿಕ್ಕವು ಅನ್ನಿ: 120 × 1000 ÷ 50 = ಸಾಂದ್ರ ನೀರಿನ ಮಿ.ಲೀ.ಗೆ 2400. ಇದನ್ನು 20ರಿಂದ ಭಾಗಿಸಿದರೆ ಮೂಲ ನೀರಿನ ಮಿ.ಲೀ.ಗೆ 120. ಭಾಗಿಸಲು ಮರೆತ ವರದಿಗಳು ಕಡಿಮೆಯೇನಿಲ್ಲ. ಒಟ್ಟು 400 ಎಣಿಸಿದರೆ ದೋಷ ಸುಮಾರು 10% ಆಸುಪಾಸು. 100ಕ್ಕೇ ನಿಲ್ಲಿಸಿದರೆ 20%. ಎಳೆಯನ್ನೋ ಗುಂಪನ್ನೋ ಕೋಶವನ್ನೋ ಒಂದು ಎಂದು ಎಣಿಸುವುದು ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡಿ.

ಬರೀ ಸಂಖ್ಯೆ ಮೋಸ ಮಾಡುತ್ತದೆ. 2 ಮೈಕ್ರಾನ್ ವ್ಯಾಸದ ಗುಂಡು ಕೋಶದ ಗಾತ್ರ ಸುಮಾರು 4 ಘನ ಮೈಕ್ರಾನ್. 20 ಮೈಕ್ರಾನಿನದು ಸುಮಾರು 4,200. ದೊಡ್ಡದು ಒಂದು, ಚಿಕ್ಕವು ಸಾವಿರ, ಎರಡೂ ಸರಿಸಮ. ಪ್ರತಿ ಜಾತಿಯಲ್ಲೂ 20-30 ಕೋಶಗಳನ್ನು ಅಳೆದು, ಹತ್ತಿರದ ಜ್ಯಾಮಿತಿ ಆಕಾರ ಹಿಡಿದು ಗಾತ್ರ ಲೆಕ್ಕಹಾಕಿ. ಪೋಷಕಾಂಶದೊಂದಿಗೆ ಹೋಲಿಸಬೇಕಾದದ್ದು ಈ ಜೈವಿಕ ಗಾತ್ರವನ್ನು.

6. ಅನುಪಾತ ನೋಡಿ, ಅದನ್ನೇ ನಂಬಿ ಕೂರಬೇಡಿ

ಸಸ್ಯಪ್ಲವಕಗಳಲ್ಲಿ ಸಾರಜನಕ-ರಂಜಕದ ಸರಾಸರಿ ಅನುಪಾತ ಪರಮಾಣುಗಳ ಲೆಕ್ಕದಲ್ಲಿ 16:1. ಇದಕ್ಕೆ ರೆಡ್‌ಫೀಲ್ಡ್ ಅನುಪಾತ ಎಂದು ಹೆಸರು. ತೂಕದಲ್ಲಿ ಇದು 7.2:1. ಎರಡನ್ನು ಬೆರೆಸಬೇಡಿ. ಒಟ್ಟು ಸಾರಜನಕವನ್ನು ಒಟ್ಟು ರಂಜಕದಿಂದ ತೂಕದಲ್ಲಿ ಭಾಗಿಸಿದಾಗ 10ಕ್ಕಿಂತ ಕಡಿಮೆ ಬಂದರೆ ಸಾರಜನಕದ ಕೊರತೆ, 17ಕ್ಕಿಂತ ಹೆಚ್ಚು ಬಂದರೆ ರಂಜಕದ ಕೊರತೆ ಎಂಬುದು ರೂಢಿಯ ಅಳತೆಗೋಲು.

ನಮ್ಮ ಮಾದರಿಯಲ್ಲಿ ಒಟ್ಟು ಸಾರಜನಕ ಲೀಟರಿಗೆ 1.2 ಮಿ.ಗ್ರಾಂ, ಒಟ್ಟು ರಂಜಕ 0.15 ಮಿ.ಗ್ರಾಂ ಇರಲಿ. ಅನುಪಾತ 8. ಸಾರಜನಕದ ಕಡೆಗೆ ಬೆರಳು ತೋರುತ್ತಿದೆ. ಕಾರ್ಲ್‌ಸನ್ 1977ರಲ್ಲಿ ಕೊಟ್ಟ ಪೌಷ್ಟಿಕ ಸೂಚ್ಯಂಕದಿಂದ (ನೀರು ಎಷ್ಟು ಪೋಷಕಭರಿತ ಎಂದು ಹೇಳುವ ಅಂಕ) ಇದನ್ನು ತಾಳೆ ನೋಡಬಹುದು. ರಂಜಕದ ಸೂಚ್ಯಂಕ 14.42 × ಲಾಗ್(ರಂಜಕ) + 4.15, ಕ್ಲೋರೋಫಿಲ್‌ನದು 9.81 × ಲಾಗ್(ಕ್ಲೋರೋಫಿಲ್) + 30.6. ಎರಡೂ ಮೈಕ್ರೋಗ್ರಾಂನಲ್ಲಿ, ಲಾಗ್ ಎಂದರೆ ಸ್ವಾಭಾವಿಕ ಲಾಗರಿತಮ್. ನಮ್ಮ ನೀರಿಗೆ 76 ಮತ್ತು 68 ಬರುತ್ತವೆ. ಇರುವ ರಂಜಕಕ್ಕೆ ತಕ್ಕಷ್ಟು ಪಾಚಿ ಬೆಳೆದಿಲ್ಲ, ಬೇರೇನೋ ತಡೆಯುತ್ತಿದೆ. ಅದು ಸಾರಜನಕವೂ ಇರಬಹುದು, ಜೊಂಡಿನ ನೆರಳೋ ಮೇಯುವ ಪ್ರಾಣಿಗಳೋ ಇರಬಹುದು. ಸೆಕಿ ತಟ್ಟೆಯ ಮೂರನೆಯ ಸೂತ್ರವೂ ಇದೆ, ಆದರೆ ತಟ್ಟೆ ತಳ ಮುಟ್ಟಿದರೂ ಕಾಣುತ್ತಿದ್ದರೆ, ಅಥವಾ ನೀರು ಕದಡಿ ಮಣ್ಣಾಗಿದ್ದರೆ, ಆ ಓದಿಗೆ ಬೆಲೆಯಿಲ್ಲ.

ಇನ್ನೊಂದು ಸಂಗತಿ: ಕರಗಿದ ರಂಜಕ ಲೀಟರಿಗೆ 10 ಮೈಕ್ರೋಗ್ರಾಂ, ಕರಗಿದ ಸಾರಜನಕ 100 ಮೈಕ್ರೋಗ್ರಾಂ ದಾಟಿ ನೀರಿನಲ್ಲಿ ಉಳಿದೇ ಇದ್ದರೆ ಅನುಪಾತ ಎಷ್ಟಾದರೂ ಆಗಲಿ, ಎರಡಕ್ಕೂ ಬರವಿಲ್ಲ.

ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಶಿಂಡ್ಲರ್ ತಂಡ 226ನೇ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಒಂದಕ್ಕೆ ಇಂಗಾಲ-ಸಾರಜನಕ, ಇನ್ನೊಂದಕ್ಕೆ ಅವುಗಳ ಜೊತೆ ರಂಜಕವನ್ನೂ ಹಾಕಿತು. ರಂಜಕ ಹಾಕಿದ ಭಾಗ ಮಾತ್ರ ಹಸಿರಾಯಿತು. ರಂಜಕವೇ ಮೂಲ ಎಂಬ ಮಾತಿಗೆ ಇದು ದೊಡ್ಡ ಆಧಾರ. ಆದರೆ ಜೌಗಿನ ಹೂಳಿನಲ್ಲಿ ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಅದೇ ಹೂಳಿನಲ್ಲಿ ಕಬ್ಬಿಣಕ್ಕೆ ಅಂಟಿದ್ದ ರಂಜಕ ಕಳಚಿ ನೀರಿಗೆ ಬರುತ್ತದೆ. ಸಾರಜನಕ ಹೊರಗೆ, ರಂಜಕ ಒಳಗೆ. ಹಾಗಾಗಿ ಇಲ್ಲಿ ಸಾರಜನಕದ ಕೊರತೆ ಅಪರೂಪವಲ್ಲ. ಹೊರಗಿನಿಂದ ಬರುವ ಕೊಳಚೆ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ನೀರು ಹಸಿರಾಗಿ ಉಳಿಯುವುದಕ್ಕೆ ಹೂಳಿನ ಈ ರಂಜಕವೇ ಕಾರಣ.

7. ಯಾರಿದ್ದಾರೆ ಎಂಬುದನ್ನು ಓದಿ

ಒಂದು ದಿನದ ರಾಸಾಯನಿಕ ಅಂಕಿ ಆ ದಿನದ್ದು. ಪಾಚಿ ಸಮುದಾಯ ಹಿಂದಿನ ಕೆಲವು ವಾರಗಳ ಕಥೆ ಹೇಳುತ್ತದೆ.

ಡೊಲಿಕೊಸ್ಪರ್ಮಮ್ (ಹಳೆಯ ಹೆಸರು ಅನಬೀನಾ), ಅಫನಿಜೊಮೆನಾನ್ ಎಳೆಗಳು ಸಿಕ್ಕರೆ ಎಳೆಯ ನಡುನಡುವೆ ಹೆಟೆರೋಸಿಸ್ಟ್ ಇವೆಯೇ ನೋಡಿ. ಅವು ದಪ್ಪ ಗೋಡೆಯ, ಒಳಗೆ ಕಾಳುಕಾಳಿಲ್ಲದೆ ತೆರಪಾಗಿ ಕಾಣುವ ಕೋಶಗಳು. ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆಯುವುದು ಅಲ್ಲಿ. ಕರಗಿದ ಸಾರಜನಕ ಸಾಕಷ್ಟಿದ್ದರೆ ಇವು ವಿರಳ. ಪ್ರತಿ ಎಳೆಯಲ್ಲೂ ಕಂಡರೆ ಸಾರಜನಕ ತೀರಿದೆ, ರಂಜಕ ಇನ್ನೂ ಇದೆ ಎಂದು ತಿಳಿಯಿರಿ. ಎಣಿಸುವಾಗ ಇವಕ್ಕೆ ಪ್ರತ್ಯೇಕ ಕಾಲಂ ಇಡಿ.

ಮೈಕ್ರೋಸಿಸ್ಟಿಸ್ ಕೂಡ ಸೈನೋಬ್ಯಾಕ್ಟೀರಿಯಾವೇ, ಆದರೆ ಅದಕ್ಕೆ ಗಾಳಿಯ ಸಾರಜನಕ ದಕ್ಕುವುದಿಲ್ಲ. ಅದು ರಾಶಿಗಟ್ಟಲೆ ಇದ್ದರೆ ಸಾರಜನಕವೂ, ಮುಖ್ಯವಾಗಿ ಅಮೋನಿಯಂ ರೂಪದಲ್ಲಿ, ಎಲ್ಲಿಂದಲೋ ಬರುತ್ತಿದೆ. 'ಸೈನೋಬ್ಯಾಕ್ಟೀರಿಯಾ ಹೆಚ್ಚು, ಆದ್ದರಿಂದ ಸಾರಜನಕ ಕಡಿಮೆ' ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟುವುದು ತಪ್ಪು.

ಡಯಾಟಮ್‌ಗಳ ಚಿಪ್ಪು ಸಿಲಿಕಾದ್ದು. ರಂಜಕ ಹೆಚ್ಚಾದಾಗ ಮೊದಲು ಇವೂ ಬೆಳೆಯುತ್ತವೆ, ಬೆಳೆಯುತ್ತ ಸಿಲಿಕಾ ಮುಗಿಸುತ್ತವೆ. ಲೀಟರಿಗೆ ಅರ್ಧ ಮಿ.ಗ್ರಾಂ ಆಸುಪಾಸಿಗೆ ಸಿಲಿಕಾ ಇಳಿದಾಗ ಇವು ಸೋತು ಚಿಪ್ಪು ಬೇಡದವುಗಳಿಗೆ ಜಾಗ ಬಿಡುತ್ತವೆ. ಆದರೆ ನಾವಿಕುಲಾ, ನಿಟ್ಶಿಯಾ ಹೆಚ್ಚಿದ್ದರೆ ಅವು ತಳದಿಂದ ಕದಡಿ ಬಂದವೇ ಎಂದು ಮೊದಲು ಅನುಮಾನಿಸಿ.

ಸೀನೆಡೆಸ್ಮಸ್, ಪೀಡಿಯಾಸ್ಟ್ರಮ್ ಜಾತಿಯ ಹಸಿರು ಪಾಚಿಗಳು ಎರಡೂ ಪೋಷಕಾಂಶ ಧಾರಾಳವಾಗಿರುವ, ಬಿಸಿಲು ತಳದವರೆಗೆ ಇಳಿಯುವ ನೀರಿನವು. ಡೆಸ್ಮಿಡ್‌ಗಳು (ಇವೂ ಹಸಿರು ಪಾಚಿಗಳೇ) ಹೆಚ್ಚಾಗಿ ಬಡ, ತುಸು ಆಮ್ಲೀಯ ನೀರಿನವು. ಅವುಗಳ ಬಗೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದರೆ ಎಚ್ಚರಗೊಳ್ಳಿ. ಯೂಗ್ಲಿನಾ, ಫೇಕಸ್ ಕಂಡರೆ ಕೊಳೆಯುವ ಸಾವಯವ ವಸ್ತು ಜಾಸ್ತಿ ಎಂದು ಓದಬಹುದು. ಪಾಮರ್ 1969ರಲ್ಲಿ 20 ಕುಲಗಳಿಗೆ ಅಂಕ ಕೊಟ್ಟು ಮಾಡಿದ ಸೂಚ್ಯಂಕ ಅಳೆಯುವುದೂ ಸಾವಯವ ಮಾಲಿನ್ಯವನ್ನೇ. ಅದನ್ನು ರಂಜಕದ ಅಳತೆ ಎಂದು ಬಳಸುವವರಿದ್ದಾರೆ, ಅದು ಸಲ್ಲದು.

ಅಂಕಿಗಳನ್ನು ಜೋಡಿಸುವಾಗ ಅದೇ ದಿನದ ಕರಗಿದ ಫಾಸ್ಫೇಟ್ ಮತ್ತು ಅದೇ ದಿನದ ಕ್ಲೋರೋಫಿಲ್ ಇಟ್ಟರೆ ಒಂದು ಏರಿದಾಗ ಇನ್ನೊಂದು ಇಳಿದಂತೆ ಕಾಣಬಹುದು. ಅದರಿಂದ 'ಫಾಸ್ಫೇಟ್ ಪಾಚಿಯನ್ನು ತಗ್ಗಿಸುತ್ತದೆ' ಎಂದು ಬರೆದುಬಿಡಬೇಡಿ; ಪಾಚಿ ಉಂಡ ಗುರುತು ಅದು. ಹಿಂದಿನ ಸರದಿಯ ಪೋಷಕಾಂಶದೊಂದಿಗೆ ಈ ಸರದಿಯ ಪಾಚಿಯನ್ನು ಹೋಲಿಸಿ, ಒಟ್ಟು ರಂಜಕವನ್ನು ಪ್ರತ್ಯೇಕವಾಗಿ ನೋಡಿ, ಎರಡನ್ನೂ ಲಾಗ್ ರೂಪಕ್ಕೆ ತನ್ನಿ. ಮಳೆ ಬಿದ್ದ ದಿನಗಳನ್ನು ಗುರುತು ಹಾಕಿ. ನೀರು ಬೆರೆತು ತೆಳುವಾದದ್ದು ಪಾಚಿ ಸತ್ತಂತೆ ಕಾಣುತ್ತದೆ.

8. ಅನುಮಾನ ಉಳಿದರೆ ಬಾಟಲಿ ಪ್ರಯೋಗ

ಯಾವುದರ ಕೊರತೆ ಎಂಬುದನ್ನು ಪಾಚಿಯನ್ನೇ ಕೇಳುವ ದಾರಿ ಇದು. ಜೌಗಿನ ನೀರನ್ನು 200 ಮೈಕ್ರಾನ್ ಬಲೆಯಲ್ಲಿ ಸೋಸಿ ದೊಡ್ಡ ಪ್ರಾಣಿಪ್ಲವಕಗಳನ್ನು ತೆಗೆದು, 12 ಪಾರದರ್ಶಕ ಬಾಟಲಿಗಳಿಗೆ ಒಂದೊಂದು ಲೀಟರು ತುಂಬಿ. ಮೂರು ಹಾಗೇ ಇರಲಿ, ಮೂರಕ್ಕೆ ಸಾರಜನಕ, ಮೂರಕ್ಕೆ ರಂಜಕ, ಮೂರಕ್ಕೆ ಎರಡೂ.

ಲೀಟರು ಬಟ್ಟಿ ನೀರಿಗೆ 7.22 ಗ್ರಾಂ ಪೊಟ್ಯಾಸಿಯಮ್ ನೈಟ್ರೇಟ್ ಕರಗಿಸಿ, ಅದರ 1 ಮಿ.ಲೀ. ಹಾಕಿದರೆ ಬಾಟಲಿಗೆ 1 ಮಿ.ಗ್ರಾಂ ಸಾರಜನಕ ಸೇರುತ್ತದೆ. ಲೀಟರಿಗೆ 0.44 ಗ್ರಾಂ ಪೊಟ್ಯಾಸಿಯಮ್ ಡೈಹೈಡ್ರೋಜನ್ ಫಾಸ್ಫೇಟ್ ಕರಗಿಸಿದ ದ್ರಾವಣದ 1 ಮಿ.ಲೀ.ಯಿಂದ 0.1 ಮಿ.ಗ್ರಾಂ ರಂಜಕ. ಬಾಟಲಿಗಳನ್ನು ಜೌಗಿನಲ್ಲೇ, ಮೇಲ್ಮೈಗಿಂತ ಒಂದಡಿ ಕೆಳಗೆ ಕಟ್ಟಿ ತೇಲಿಬಿಡಿ. ಪ್ರಯೋಗ ಶುರುವಾಗುವ ದಿನವೂ, 4ರಿಂದ 5 ದಿನದ ಮೇಲೂ ಕ್ಲೋರೋಫಿಲ್ ಅಳೆಯಿರಿ.

ರಂಜಕ ಹಾಕಿದವು ಮಾತ್ರ ಏರಿದರೆ ಕೊರತೆ ರಂಜಕದ್ದು. ಸಾರಜನಕ ಹಾಕಿದವು ಮಾತ್ರ ಏರಿದರೆ ಸಾರಜನಕದ್ದು. ಎರಡೂ ಸೇರಿಸಿದವು ಮಾತ್ರ ಏರಿದರೆ ಎರಡೂ ಒಟ್ಟಿಗೆ ಕಡಿಮೆ. ಯಾವುದೂ ಏರದಿದ್ದರೆ ನೀರಿನಲ್ಲಿ ಆಗಲೇ ಬೇಕಾದಷ್ಟಿದೆ, ಇಲ್ಲವೇ ಬೆಳಕು ಸಾಲದು. ಎಲ್ಲ 12 ಬಾಟಲಿಗಳಲ್ಲೂ ಕ್ಲೋರೋಫಿಲ್ ಕುಸಿದಿದ್ದರೆ ತುಂಬಿಸುವಾಗ ಅಥವಾ ಬಿಸಿಲಲ್ಲಿ ಇಟ್ಟಾಗ ಪಾಚಿಗೆ ಪೆಟ್ಟಾಗಿದೆ, ಮತ್ತೆ ಮಾಡಬೇಕು. ವಾರ ದಾಟಿಸಬೇಡಿ: ರಂಜಕದ ಬಾಟಲಿಯಲ್ಲಿ ಸಾರಜನಕ ಹಿಡಿಯುವ ಜಾತಿಗಳು ತಡವಾಗಿ ಎದ್ದು ಉತ್ತರವನ್ನು ಬದಲಿಸುತ್ತವೆ. ಅಳೆಯುವ ಮುನ್ನ ಬಾಟಲಿಯ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಜಾರುವ ಹಸಿರು ಪದರ ಕಟ್ಟಿದ್ದರೆ ಸೇರಿಸಿದ ಪೋಷಕಾಂಶದ ಒಂದು ಪಾಲು ಅಲ್ಲಿಗೆ ಹೋಗಿದೆ. ಆ ಬಾಟಲಿಯ ಅಂಕಿಯನ್ನು ಲೆಕ್ಕದಿಂದ ಬಿಟ್ಟುಬಿಡಿ.